ಫಿಯೆಟ್ಟಿಗೆ ಮರುಜೀವ, ಕಾಲಿಗೆ ಕ್ಲಚ್ಚಿನ ಪಾಠ

"ಬಣ್ಣದ ಮಾತು ಆಮೇಲಾಡಾಣ ಸಾರ್. ಮೊದ್ಲು ಗಾಡಿ ತಳ ನೋಡಾಣ ಬನ್ನಿ."

ತುಮಕೂರಿನ ಟಿಂಕರಿಂಗ್ ಶೆಡ್ಡೊಂದರ ಹಿರಿಯ ಮೇಸ್ತ್ರಿ ಹೀಗೆಂದಾಗ, ಗುಬ್ಬಿಯಿಂದ ಕಟ್ಟಿ ಎಳೆಸಿಕೊಂಡು ಬಂದಿದ್ದ 1978ರ ಪ್ರೀಮಿಯರ್ ಪದ್ಮಿನಿ ಅವರ ಬಾಗಿಲಲ್ಲಿ ನಿಂತಿತ್ತು. ಅಪ್ಪ ಓಡಿಸುತ್ತಿದ್ದ ಗಾಡಿ. ಅವರು ಹೋದ ಮೇಲೆ ಹನ್ನೊಂದು ವರ್ಷ ಹಳೆ ಮನೆಯ ಹಿಂದೆ ತೆಂಗಿನಗರಿ ಚಪ್ಪರದಡಿ ಕದಲದೆ ಕೂತಿತ್ತು. ಮೇಸ್ತ್ರಿ ಸಣ್ಣ ಸುತ್ತಿಗೆಯೊಂದನ್ನು ಹಿಡಿದು, ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ಗೇಣಿಗೊಂದು ಏಟಿನಂತೆ ತಟ್ಟುತ್ತಾ ಹೋದರು. ಗಟ್ಟಿ ತಗಡು ಟಣ್ ಎನ್ನುತ್ತದೆ. ಹಿಂದೆಂದೋ ಪುಟ್ಟಿ ತುಂಬಿ ಬಣ್ಣ ಹೊಡೆದು ಮುಚ್ಚಿದ ಜಾಗ ದಬ್ ಎನ್ನುತ್ತದೆ. ದಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗೀಟು ಬಿತ್ತು. ಹಿಂದಿನ ಸೀಟಿನ ಮುಂದೆ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಒತ್ತಿದರೆ, ಅದು ತಗಡು ದಾಟಿ ಆಚೆ ಹೋಯಿತು.

ಅವರು ತಳಕ್ಕೆ ಅಷ್ಟು ಬೆಲೆ ಕೊಟ್ಟಿದ್ದಕ್ಕೆ ಕಾರಣವಿದೆ. ಜೀಪಿಗೆ, ಲಾರಿಗೆ ಬೇರೆಯೇ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂರುತ್ತದೆ. ಪದ್ಮಿನಿಗೆ ಹಾಗಿಲ್ಲ. ತಳದ ತಗಡು, ಬಾಗಿಲ ಕೆಳಗಿನ ಪಟ್ಟಿ, ಕಂಬಗಳು ಎಲ್ಲ ಸೇರಿಯೇ ಗಾಡಿಯ ಭಾರ ಹೊರುತ್ತವೆ. ಅಲ್ಲಿ ತುಕ್ಕು ಹಿಡಿದರೆ ಅಂದ ಕೆಡುವುದಷ್ಟೇ ಅಲ್ಲ, ಗಾಡಿಯ ಬೆನ್ನುಮೂಳೆಯೇ ಸವೆಯುತ್ತದೆ. ಮೇಲೆ ಪಳಪಳ ಬಣ್ಣ ಬಳಿದು ಮಾರುವ ಹಳೆ ಕಾರುಗಳನ್ನು ಕೊಳ್ಳುವವರು ಮೊದಲು ತಿಳಿದುಕೊಳ್ಳಬೇಕಾದ ಸಂಗತಿ ಇದು.

ಮುಂದಿನ ಆರು ವಾರ ನಾನು ಪ್ರತಿ ಭಾನುವಾರ ಆ ಶೆಡ್ಡಿಗೆ ಹೋದೆ. ಕೊಳೆತ ತಗಡನ್ನು ಉಳಿಯಿಂದ ಕತ್ತರಿಸಿ ತೆಗೆದರು. ಹೊಸ ತಗಡಿನಲ್ಲಿ ಅದೇ ಆಕಾರದ ತುಂಡು ಕತ್ತರಿಸಿ, ಹಿಂದೆ ಡಾಲಿ ಎಂಬ ಕಬ್ಬಿಣದ ಗಟ್ಟಿ ಒತ್ತಿಹಿಡಿದು, ಮುಂದಿನಿಂದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಬಾಗಿಸಿದರು. ಆಮೇಲೆ ಗ್ಯಾಸ್ ವೆಲ್ಡಿಂಗ್, ಮೇಲೆ ರೆಡ್ ಆಕ್ಸೈಡ್. ಬಡಿದು ಬಡಿದು ಹಿಗ್ಗಿ ಉಬ್ಬಿದ ಮಡ್‌ಗಾರ್ಡನ್ನು ಅವರು ಕುಗ್ಗಿಸಿದ ರೀತಿಯನ್ನು ನಾನು ಮರೆಯಲಾರೆ. ಕಾಸಿನಗಲ ಜಾಗವನ್ನು ಜ್ವಾಲೆಯಿಂದ ಕೆಂಪಗೆ ಕಾಯಿಸಿ, ಎರಡು ಪೆಟ್ಟು ಕೊಟ್ಟು, ಒದ್ದೆ ಬಟ್ಟೆ ಒತ್ತಿದರು. ಚುಂಯ್ ಎಂದ ತಗಡು ಕಣ್ಣೆದುರೇ ಒಳಗೆ ಸೇದಿಕೊಂಡಿತು. ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವರು ಕಣ್ಣನ್ನು ನಂಬುವುದಿಲ್ಲ, ಅಂಗೈ ಸವರುತ್ತಾರೆ.

ಈ ಗಾಡಿಗೂ ನಮ್ಮ ನಾಡಿಗೂ ಒಂದು ಹಳೆಯ ನಂಟಿದೆ. ಭಾರತದಲ್ಲೇ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ವಿದೇಶಗಳನ್ನು ಸುತ್ತಿ ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಕಾರ್ಖಾನೆಯನ್ನು ಬೆಂಗಳೂರಿಗೆ ತರುವ ಪ್ರಯತ್ನವೂ ನಡೆದಿತ್ತು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದ್ದರು, ಮೈಸೂರು ಸರ್ಕಾರಕ್ಕೂ ಮನಸ್ಸಿತ್ತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. ವಾಲ್‌ಚಂದ್ ಅವರ ಪ್ರೀಮಿಯರ್ ಆಟೊಮೊಬೈಲ್ಸ್ ಕೊನೆಗೆ 1944ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ. ಅಲ್ಲಿ ಇಟಲಿಯ ಫಿಯೆಟ್ ಪರವಾನಗಿಯಲ್ಲಿ ತಯಾರಾದ 1100 ಡಿಲೈಟ್, 1970ರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಪಡೆದು ಪದ್ಮಿನಿಯಾಯಿತು. ಜನ ಮಾತ್ರ ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. ಅದೇ ವಾಲ್‌ಚಂದ್ ಮೈಸೂರು ಸರ್ಕಾರದ ಜೊತೆ 1940ರಲ್ಲಿ ಬೆಂಗಳೂರಲ್ಲಿ ಕಟ್ಟಿದ ವಿಮಾನ ಕಾರ್ಖಾನೆಯೇ ಇಂದಿನ ಎಚ್‌ಎಎಲ್. ಅದರ 615 ಎಕರೆಯ ಹೆಲಿಕಾಪ್ಟರ್ ಕಾರ್ಖಾನೆ ಫೆಬ್ರುವರಿ 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಉದ್ಘಾಟನೆಯಾಯಿತು. ಕಾರು ಕೈತಪ್ಪಿದ ನಾಡಿಗೆ ಹೆಲಿಕಾಪ್ಟರ್ ಬಂತು!

ಇನ್ನು ನಮ್ಮ ಪದ್ಮಿನಿಯ ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರು. ಅದು ಹೋದದ್ದು ಲೇತಿನವರ ಕೈಗೆ. ಬೋರ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಹಾಕಿಸಿದ್ದಾಯಿತು. ಆ ಕಾಲದ ಎಂಜಿನ್‌ಗಳು ಸೀಸ ಬೆರೆತ ಪೆಟ್ರೋಲಿಗೆ ಹೊಂದಿಕೊಂಡವು. ಸೀಸ ವಾಲ್ವಿನ ಕೂರುಜಾಗವನ್ನು ಸವೆಯದಂತೆ ಕಾಯುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿದೆ. ಹಾಗಾಗಿ ಗಟ್ಟಿ ಲೋಹದ ವಾಲ್ವ್ ಸೀಟ್ ಕೂರಿಸುವುದು ಒಳ್ಳೆಯದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇ 20. ಅದು ಹಳೆ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಿಸಲೇಬೇಕು, ಇದರಲ್ಲಿ ಉಳಿತಾಯ ನೋಡಬೇಡಿ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳೇ ಗತಿ. ಕುಶನ್ ಮತ್ತು ವೈರಿಂಗ್ ಕೆಲಸ ಊರಲ್ಲೇ ಮುಗಿಯಿತು.

ಕಾಗದಪತ್ರವನ್ನು ಮಾತ್ರ ರಿಪೇರಿಗೆ ಮೊದಲೇ ಸರಿಮಾಡಿಕೊಳ್ಳಬೇಕು. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಿಂದ ಅದರ ಶುಲ್ಕ 10,000 ರೂಪಾಯಿ. 50 ವರ್ಷ ತುಂಬಿದ, ಮೂಲರೂಪ ಕೆಡದ ಗಾಡಿಗಳಿಗೆ 2021ರ ನಿಯಮದಂತೆ 'ವಿಎ' ಅಕ್ಷರಗಳ ವಿಂಟೇಜ್ ಸಂಖ್ಯೆ ಸಿಗುತ್ತದೆ. ಆದರೆ ಅದನ್ನು ಪಡೆದರೆ ದಿನಬಳಕೆಗೆ ಓಡಿಸುವಂತಿಲ್ಲ, ಪ್ರದರ್ಶನಕ್ಕೆ, ರ‍್ಯಾಲಿಗೆ ಅಷ್ಟೇ. ಓಡಿಸಬೇಕೆನ್ನುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳುವುದು ಲೇಸು.

ಗಾಡಿ ಹೊರಬಂದ ದಿನ ಮಗಳು ಜೊತೆಗಿದ್ದಳು. ಅವಳು ಕಲಿತದ್ದು ಗೇರಿಲ್ಲದ ಸ್ಕೂಟರು, ಆಮೇಲೆ ಆಟೊಮ್ಯಾಟಿಕ್ ಕಾರು. ಗೇರಿನ ಗಾಡಿ ಅವಳಿಗೆ ಹೊಸತು. ಡ್ರೈವಿಂಗ್ ಶಾಲೆಯಲ್ಲಿ ಕನಿಷ್ಠ 21 ದಿನದ ತರಬೇತಿ, ಅದರಲ್ಲಿ 10 ಗಂಟೆ ಗಾಡಿ ಓಡಿಸಿರಬೇಕೆಂದು ನಿಯಮವಿದೆ. ಶಾಲೆಯ ಕಾರಿನಲ್ಲಿ ಗುರುವಿನ ಕಾಲಡಿಗೂ ಬ್ರೇಕ್ ಇರುತ್ತದೆ, ನಮ್ಮ ಪದ್ಮಿನಿಯಲ್ಲಿ ಇಲ್ಲ. ಹಾಗಾಗಿ ಗೇರಿನ ಕಾರನ್ನು ಅವಳು ಮೊದಲು ಶಾಲೆಯಲ್ಲಿ ಕಲಿತು, ಆಮೇಲೆ ಊರಾಚೆಯ ಖಾಲಿ ಬಯಲಿನಲ್ಲಿ ಇದರಲ್ಲಿ ಕೂತಳು. ಪಕ್ಕದಲ್ಲಿ ಮೇಸ್ತ್ರಿ.

"ಅವಸರ ಬ್ಯಾಡ ಕಣಮ್ಮ. ಆಕ್ಸಿಲೇಟರ್ ಮುಟ್ಟಬ್ಯಾಡ. ಬರೀ ಕ್ಲಚ್ಚು ಬಿಡು, ನಿಧಾನಕ್ಕೆ. ಎಲ್ ಹಿಡೀತದೆ ಅಂತ ಕಾಲಿಗೇ ಗೊತ್ತಾಗ್ತದೆ."

ಎಂಜಿನ್ನಿನ ಕೊನೆಯಲ್ಲಿ ತಿರುಗುವ ಭಾರದ ಚಕ್ರಕ್ಕೂ ಗೇರ್ ಪೆಟ್ಟಿಗೆಗೂ ನಡುವೆ ಒಂದು ತಟ್ಟೆ ಇದೆ. ಕ್ಲಚ್ ತುಳಿದಾಗ ತಟ್ಟೆ ಸಡಿಲ, ಬಿಟ್ಟಾಗ ಬಿಗಿ. ನಡುವಿನ ಬೆರಳಗಲದ ಜಾಗದಲ್ಲಿ ತಟ್ಟೆ ಜಾರುತ್ತಾ ಹಿಡಿಯುತ್ತದೆ, ಅದೇ ಹಾಫ್ ಕ್ಲಚ್. ಆ ಜಾಗಕ್ಕೆ ಬಂದಾಗ ಎಂಜಿನ್ ಸದ್ದು ಒಂದು ಎಳೆ ಇಳಿಯುತ್ತದೆ, ಬಾನೆಟ್ ಕೂದಲೆಳೆಯಷ್ಟು ಏಳುತ್ತದೆ. ಗಾಡಿ ಮೂರು ಸಲ ಆಫಾಯಿತು. ನಾಲ್ಕನೇ ಸಲ ಹಾಲು ಕೆನೆಗಟ್ಟಿದಷ್ಟು ನಯವಾಗಿ ಸರಿಯಿತು. ಪದ್ಮಿನಿಯ ಗೇರು ನೆಲದಲ್ಲಿಲ್ಲ, ಸ್ಟೇರಿಂಗಿನ ಎಡಕ್ಕೆ ಕಡ್ಡಿಯಂತೆ ಚಾಚಿದೆ. ಮೊದಲ ಗೇರಿಗೆ ಗಾಡಿ ಪೂರ್ತಿ ನಿಂತಿರಬೇಕು, ಇಲ್ಲದಿದ್ದರೆ ಹಲ್ಲು ಕಡಿಯುತ್ತದೆ. ಉಳಿದ ಮೂರು ಗೇರು ಬೇಗ ಕೈಗೆ ಹತ್ತುತ್ತವೆ. ದೇವರಾಯನದುರ್ಗದ ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಹಿಂದೆ ಜಾರದೆ ಮತ್ತೆ ಹೊರಟಾಗ, ಅವಳು ಗೇರ್ ಗಾಡಿ ಕಲಿತಳೆಂದು ನಾನು ಒಪ್ಪಿದೆ.

ಮುಂದಿನ ಭಾನುವಾರ ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋದೆವು. ಬಿಸಿಲೇರಿದಂತೆ ಎಂಜಿನ್ ಮುಗ್ಗರಿಸತೊಡಗಿತು. ಪಂಪಿನಲ್ಲಿ ಪೆಟ್ರೋಲ್ ಕಾದು ಆವಿಯಾದರೆ ಹೀಗಾಗುತ್ತದೆ. ಮೇಸ್ತ್ರಿ ಕೊಟ್ಟಿದ್ದ ಹಳೆ ಬಟ್ಟೆಯನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಹುಣಸೆ ಮರದ ನೆರಳಲ್ಲಿ ಹತ್ತು ನಿಮಿಷ ಕೂತೆವು. ಮತ್ತೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ಟಿಪ್ಪುವಿನ ಕಾಲದಿಂದ ಕುದುರೆ ಸಾಕುತ್ತಾ ಬಂದ ಕುಣಿಗಲ್ಲಿನ ಸ್ಟಡ್ ಫಾರ್ಮ್ ಬೇಲಿಯ ಪಕ್ಕ ಮಗಳು ಎರಡನೇ ಗೇರಿನಲ್ಲಿ ನಿಧಾನಕ್ಕೆ ನಡೆಸಿದಳು. ಲಗಾಮು ಸಡಿಲಿಸುವ ಕೈಗೂ ಕ್ಲಚ್ ಬಿಡುವ ಕಾಲಿಗೂ ಒಂದೇ ಹದ ಬೇಕೆಂದು ನನಗೆ ಅಲ್ಲಿ ಅನ್ನಿಸಿತು.

ಮೇಸ್ತ್ರಿಯ ಶೆಡ್ಡಿನಲ್ಲಿ ಈಗ ಕೆಲಸ ಕಲಿಯುವ ಹುಡುಗರಿಲ್ಲ. ಹೊಸ ಕಾರಿನ ಬಾಗಿಲು ನಜ್ಜಾದರೆ ಬಾಗಿಲನ್ನೇ ಬದಲಿಸುತ್ತಾರೆ, ತಟ್ಟಿ ನೇರ ಮಾಡುವ ಕೆಲಸ ಕಡಿಮೆಯಾಗುತ್ತಿದೆ. ನಿಮ್ಮ ಕೊಟ್ಟಿಗೆಯಲ್ಲಿ, ಹಿತ್ತಿಲಲ್ಲಿ ಇಂಥದೊಂದು ಗಾಡಿ ನಿಂತಿದ್ದರೆ ಗುಜರಿಯವರಿಗೆ ಫೋನ್ ಮಾಡಬೇಡಿ. ಬೀರುವಿನಲ್ಲಿ ಆರ್‌ಸಿ ಪುಸ್ತಕ ಹುಡುಕಿ ತೆಗೆಯಿರಿ, ನಿಮ್ಮೂರಿನ ಹಳೆ ಟಿಂಕರಿಂಗ್ ಮೇಸ್ತ್ರಿಯನ್ನು ಕರೆದು ಒಮ್ಮೆ ತಳ ತಟ್ಟಿಸಿ. ಮನೆಯ ಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.