ಕಬ್ಬಿಣದ ಕೊಡೆಯಡಿ ಮಣ್ಣಿನ ಕಣ

ಜಪಾನಿನ ಸುಮೊ ಕುಸ್ತಿಯ ಪಂದ್ಯಗಳು ಬಹುಕಾಲ ನಡೆದದ್ದು ಬಯಲಿನಲ್ಲೇ. 1657ರಲ್ಲಿ ಈಗಿನ ಟೋಕಿಯೊವನ್ನು ಸುಟ್ಟ ಮಹಾ ಬೆಂಕಿಯಲ್ಲಿ ಅನಾಥರಾಗಿ ಸತ್ತವರಿಗೆಂದು ಅಲ್ಲಿನ ರಿಯೋಗೊಕುವಿನಲ್ಲಿ ಎಕೊ-ಇನ್ ಎಂಬ ಬೌದ್ಧ ದೇಗುಲ ಎದ್ದಿತು. 1833ರಿಂದ ಅದರ ಅಂಗಳವೇ ಸುಮೊ ಪಂದ್ಯಾವಳಿಯ ಕಾಯಂ ನೆಲೆ. ಮಳೆ ಬಂತೆಂದರೆ ಅಂದಿನ ಕುಸ್ತಿ ಮುಂದಕ್ಕೆ.

ಮಳೆಯ ಕಾಟ ತಪ್ಪಿದ್ದು 1909ರಲ್ಲಿ. ದೇಗುಲದ ಆವರಣದಲ್ಲೇ ಉಕ್ಕಿನ ಗುಮ್ಮಟದ ಸುಮೊ ಅಂಗಣ ಕೊಕುಗಿಕಾನ್ ತಲೆಯೆತ್ತಿತು. ಟೋಕಿಯೊ ರೈಲು ನಿಲ್ದಾಣದ ವಾಸ್ತುಶಿಲ್ಪಿ ತಾತ್ಸುನೊ ಕಿಂಗೊ ಇದರ ವಿನ್ಯಾಸಕಾರರಲ್ಲೊಬ್ಬರು. ಜನ ಅದಕ್ಕೆ 'ದೊಡ್ಡ ಕಬ್ಬಿಣದ ಕೊಡೆ' ಎಂದು ಹೆಸರಿಟ್ಟರು. ಆದರೆ ಆ ಕೊಡೆಯನ್ನು ಬೆಂಕಿ ಬಿಡಲಿಲ್ಲ. 1917ರಲ್ಲೊಮ್ಮೆ ಉರಿಯಿತು, 1923ರ ಭೂಕಂಪದಲ್ಲಿ ಮತ್ತೆ, 1945ರ ವಾಯುದಾಳಿಯಲ್ಲಿ ಇನ್ನೊಮ್ಮೆ. ಯುದ್ಧಕಾಲದಲ್ಲಿ ಸೇನೆ ಅಲ್ಲಿ ಅಮೆರಿಕದತ್ತ ಹಾರಿಬಿಡುವ ಬಾಂಬ್ ಬಲೂನುಗಳನ್ನು ತಯಾರಿಸಿತ್ತು. 1950ರಿಂದ 1984ರವರೆಗೆ ಸುಮೊಗೆ ಆಸರೆಯಾದದ್ದು ಕುರಾಮೆಯ ಅಂಗಣ. ಈಗಿನ ರಿಯೋಗೊಕು ಕೊಕುಗಿಕಾನ್ ಬಾಗಿಲು ತೆರೆದದ್ದು 1985ರ ಜನವರಿಯಲ್ಲಿ. ಸುಮಾರು 11,000 ಮಂದಿ ಕೂರಬಹುದಾದ ಈ ಕಟ್ಟಡದ ವಿಶಾಲ ಚಾವಣಿಯ ಮೇಲೆ ಬಿದ್ದ ಮಳೆನೀರು ಇಂದು ಶೌಚಾಲಯಗಳ ಬಳಕೆಗೆ ಒದಗುತ್ತದೆ.

ಇಷ್ಟು ದೊಡ್ಡ ಕಟ್ಟಡದ ಜೀವವಿರುವುದು 4.55 ಮೀಟರ್ ಅಗಲದ ಒಂದು ವೃತ್ತದಲ್ಲಿ. ಅದೇ ದೊಹ್ಯೊ. ಕುಸ್ತಿಪಟುಗಳ ಹೆಸರು ಕೂಗುವ ಯೊಬಿದಾಶಿಗಳೇ ಪ್ರತಿ ಪಂದ್ಯಾವಳಿಗೂ ಜಿಗುಟು ಮಣ್ಣನ್ನು ಬಡಿದು, ಮಟ್ಟ ಮಾಡಿ, ಹುಲ್ಲಿನ ಮೂಟೆಗಳನ್ನು ಹೂತು ಕಣ ಕಟ್ಟುತ್ತಾರೆ. ಇದಕ್ಕೆ ಸುಮಾರು ಮೂರು ದಿನ ಹಿಡಿಯುತ್ತದೆ. ಪಂದ್ಯಾವಳಿಯ ಮುನ್ನಾದಿನ ತೀರ್ಪುಗಾರರು ಪೂಜೆ ಸಲ್ಲಿಸಿ ಉಪ್ಪು, ತೊಳೆದ ಅಕ್ಕಿ, ಒಣಗಿಸಿದ ಸ್ಕ್ವಿಡ್, ಕಡಲಪಾಚಿಗಳನ್ನು ಕಣದ ನಡುವೆ ಹುಗಿಯುತ್ತಾರೆ.

ಇಲ್ಲಿ ಪಂದ್ಯಾವಳಿ ಇರುವುದು ಜನವರಿ, ಮೇ, ಸೆಪ್ಟೆಂಬರಿನಲ್ಲಿ, ಹದಿನೈದು ದಿನದಂತೆ. ಉಳಿದ ದಿನಗಳಲ್ಲಿ ಕಣದ ವೇದಿಕೆ ನೆಲದೊಳಕ್ಕೆ ಇಳಿಯುತ್ತದೆ, ಸುತ್ತಲ ಆಸನಗಳು ಹಿಂದೆ ಸರಿಯುತ್ತವೆ. ಅದೇ ಜಾಗದಲ್ಲಿ ಸಾವಿರಾರು ಜನ ಒಟ್ಟಾಗಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಹಾಡಿದ್ದಾರೆ. ವಿದ್ಯಾರ್ಥಿಗಳ ರೋಬೊಗಳು ಸ್ಪರ್ಧಿಸಿವೆ. 2021ರಲ್ಲಿ ಒಲಿಂಪಿಕ್ಸ್‌ನ ಬಾಕ್ಸಿಂಗ್ ನಡೆದಿದೆ, ಹೆಣ್ಣುಮಕ್ಕಳೂ ಪದಕ ಗೆದ್ದಿದ್ದಾರೆ.

ಆದರೆ ದೊಹ್ಯೊ ಮೇಲೆದ್ದು ಬಂದ ಕೂಡಲೇ ಹೆಣ್ಣಿಗೆ ಅದರ ಮೇಲೆ ಪ್ರವೇಶವಿಲ್ಲ. 2018ರಲ್ಲಿ ಮೈಜುರು ನಗರದ ಪ್ರದರ್ಶನವೊಂದರಲ್ಲಿ ಮೇಯರ್ ಕಣದ ಮೇಲೆಯೇ ಕುಸಿದಾಗ, ಪ್ರಥಮ ಚಿಕಿತ್ಸೆಗೆ ಧಾವಿಸಿದ ಮಹಿಳೆಯರಿಗೆ ಕೆಳಗಿಳಿಯುವಂತೆ ಧ್ವನಿವರ್ಧಕದಲ್ಲಿ ಹೇಳಲಾಯಿತು. ಸುಮೊ ಸಂಘದ ಅಧ್ಯಕ್ಷರು ಬಳಿಕ ಕ್ಷಮೆ ಕೇಳಿದರು. ನಿಯಮ ಮಾತ್ರ ಹಾಗೇ ಉಳಿಯಿತು.

ಸಂಪ್ರದಾಯ ಎಂಬುದು ಇದಕ್ಕೆ ಸಿಗುವ ಸಮರ್ಥನೆ. ಆದರೆ ಈ ಕಣ ಎಂದೂ ಹಾಗೇ ಉಳಿದದ್ದಿಲ್ಲ. 1931ರಲ್ಲಿ ವೃತ್ತವನ್ನು ಹಿಗ್ಗಿಸಿದರು. 1952ರಲ್ಲಿ, ನೋಟಕ್ಕೆ ಅಡ್ಡವಾಗುತ್ತಿದ್ದ ನಾಲ್ಕು ಕಂಬಗಳನ್ನು ಕಿತ್ತು, ಅವು ಹೊತ್ತಿದ್ದ ಕಣದ ಮೇಲ್ಮಾಡನ್ನು ಚಾವಣಿಯಿಂದ ತೂಗುಹಾಕಿದರು. ಕಂಬಗಳ ಜಾಗಕ್ಕೆ ಹಸಿರು, ಕೆಂಪು, ಬಿಳಿ, ಕಪ್ಪು ಕುಚ್ಚುಗಳು ಬಂದವು. ಸುಮೊದ ಘನತೆ ಅದರಿಂದ ಕುಂದಲಿಲ್ಲ. ನೋಡುವವರ ಅನುಕೂಲಕ್ಕೆ ಕಂಬ ಕೀಳಬಲ್ಲ ಪರಂಪರೆ, ಜೀವ ಉಳಿಸಲು ಬಂದ ಹೆಣ್ಣಿಗೂ ದಾರಿ ಬಿಡಬಲ್ಲದು, ಬಿಡಲೇಬೇಕು.