ಅರ್ಧ ಇಂಚಿನ ನಲ್ಲಿ

ಮಹಾಲಿಂಗಪುರದ ನೇಕಾರರ ಓಣಿಯಲ್ಲಿ, ನಡೆಯುತ್ತಿರುವ ಮಗ್ಗದ ನಟ್ಟೊಂದು ಸಡಿಲಿ ಎಲ್ಲಿಯೋ ಉರುಳಿಹೋದರೆ, ಹುಡುಗನೊಬ್ಬ ಅಂಗಡಿಗೆ ಓಡಿಬಂದು “ಎರಡೂವರಿ ಸೂತಿನ ನಟ್ಟ ಕೊಡ್ರಿ” ಎನ್ನುವನು. ಸೂತೆಂದರೆ ಇಂಚಿನ ಎಂಟನೆಯ ಒಂದು ಪಾಲು. ಎರಡೂವರೆ ಸೂತು 7.94 ಮಿಲಿಮೀಟರಾಯಿತು. ಕೂದಲೆಳೆಯ ವ್ಯತ್ಯಾಸವಷ್ಟೆ ಎಂದು ಬಗೆದು ಅಂಗಡಿಯವನು 8 ಮಿಲಿಮೀಟರಿನದನ್ನು ಕೊಟ್ಟನೆಂದರೆ, ಅದು ಬೋಲ್ಟಿನ ಮೇಲೆ ಒಂದೆರಡು ಸುತ್ತು ಸಲೀಸಾಗಿ ಏರಿ, ಬಳಿಕ ಪಾನಾ ಹಾಕಿದರೂ ಅಲುಗದೆ ಕಚ್ಚಿಕೊಳ್ಳುತ್ತದೆ. ಏಕೆಂದರೆ ಬೋಲ್ಟಿನ ಸುರುಳಿಗಳ ನಡುವಣ ಅಂತರ 1.41 ಮಿಲಿಮೀಟರು, ಆ ನಟ್ಟಿನದು 1.25. ಇಂಗ್ಲಿಷರು ನೂಲಿಗೂ ಈ ಸುರುಳಿಗೂ ಥ್ರೆಡ್ ಎಂಬ ಒಂದೇ ಹೆಸರನ್ನಿತ್ತರು. ನೂಲಿನ ಹುರಿಯನ್ನು ಬೆರಳಿನಿಂದಲೇ ಅರಿಯುವ ನಮ್ಮ ನೇಕಾರರಿಗೆ ಅದು ವಿಚಿತ್ರವೆನಿಸಲಾರದು.

ಒಂದು ಕಾರ್ಖಾನೆಯ ಬೋಲ್ಟಿಗೆ ಆ ಕಾರ್ಖಾನೆಯ ನಟ್ಟೇ ಗತಿಯಾಗಿದ್ದ ಕಾಲದಲ್ಲಿ, ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ನಾನಾ ಕಾರ್ಖಾನೆಗಳ ತಿರುಪುಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿಯನ್ನು ತೆಗೆದು, ಸುರುಳಿಯ ಕೋನ 55 ಅಂಶವಿರಲೆಂದು 1841ರಲ್ಲಿ ಪ್ರತಿಪಾದಿಸಿದನು. ಯಾವ ದಿವ್ಯ ಗಣಿತವೂ ಇದರ ಹಿಂದಿರಲಿಲ್ಲ. ನಾಲ್ವರು ಹೇಳಿದ್ದನ್ನು ಕೇಳಿ ನಡುವಣದನ್ನು ಹಿಡಿಯುವ ಪಂಚರ ವಿವೇಕವೇ ಇಲ್ಲಿ ಕೆಲಸ ಮಾಡಿತೆಂದು ನನಗೆ ತೋರುತ್ತದೆ. ಅಮೆರಿಕದ ವಿಲಿಯಂ ಸೆಲ್ಲರ್ಸನು 1864ರಲ್ಲಿ, ಮಾಡುವುದೂ ಅಳೆಯುವುದೂ ಸುಲಭವೆಂದು 60 ಅಂಶವನ್ನು ಆರಿಸಿದನು. ಅರ್ಧ ಇಂಚಿನ ಬೋಲ್ಟಿಗೆ ಇಂಗ್ಲೆಂಡಿನಲ್ಲಿ ಇಂಚಿಗೆ 12 ಸುತ್ತು, ಅಮೆರಿಕದಲ್ಲಿ 13. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಬಿಡಿಭಾಗಗಳೇ ಒಂದಕ್ಕೊಂದು ಹೊಂದದೆ ಹೋಗಲು, 1948ರಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು 60 ಅಂಶಕ್ಕೆ ಒಡಂಬಟ್ಟವು. ನಮ್ಮ ದೇಶವೋ 1956ರ ಶಾಸನದಿಂದ ಮೆಟ್ರಿಕ್ ಮಾರ್ಗವನ್ನು ಹಿಡಿದು, ‘ಎಂ 8’ ಎಂಬಂಥ ನೇರವಾದ ಹೆಸರುಗಳಿಗೆ ಬಂದಿತು: 8 ಎಂದರೆ ಬೋಲ್ಟಿನ ಹೊರವ್ಯಾಸ 8 ಮಿಲಿಮೀಟರು, ಅಷ್ಟೆ.

ನೀರಿನ ನಲ್ಲಿಯ ಸಂಗತಿಯು ಮಾತ್ರ ಬೇರೆ. ಅರ್ಧ ಇಂಚಿನದೆಂದು ಕೊಂಡುತಂದ ನಲ್ಲಿಯ ಸುರುಳಿಯನ್ನು ಅಳೆದರೆ ಹೊರವ್ಯಾಸ ಸುಮಾರು 21 ಮಿಲಿಮೀಟರು ಬರುವುದು. ಅರ್ಧ ಇಂಚೆಂಬುದಾದರೋ 12.7. ವ್ಯಾಪಾರಿಯ ಮೋಸವಲ್ಲ, ಹಳೆಯ ಕಬ್ಬಿಣದ ಕೊಳವೆಯ ಒಳರಂಧ್ರಕ್ಕೆ ಇಟ್ಟಿದ್ದ ಹೆಸರಿದು. ಹೊಸ ಕೊಳವೆಯು ಹಳೆಯದಕ್ಕೆ ಕೂಡಲೇಬೇಕಾದುದರಿಂದ ಹೊರಗಿನ ಸುರುಳಿಯನ್ನು ಯಾರೂ ಮುಟ್ಟಲಿಲ್ಲ. ಸುರುಳಿಯ ಮೇಲೆ ಸಣಬಿನ ನಾರು ಸುತ್ತಿ ನಲ್ಲಿಯನ್ನು ಗೋಡೆಗೆ ತಿರುಗಿಸುವ ಪ್ಲಂಬರನ ಕೈಯಲ್ಲಿ ಇಂದಿಗೂ ಇಂಚಿಗೆ 14 ಸುತ್ತು, ವಿಟ್‌ವರ್ತನದೇ 55 ಅಂಶ.