ಕ್ಯಾಮೆರಾ ಎದುರಿನ ಪರೀಕ್ಷೆ, ನಾಳೆಗೆ ಇಟ್ಟ ಓದು

ಕೆಡುಕಾಗುತ್ತದೆಂದು ಗೊತ್ತಿದ್ದೂ ಓದನ್ನು ನಾಳೆಗೆ ತಳ್ಳುವುದು ಮುಂದೂಡಿಕೆ. ಪರೀಕ್ಷಾ ಭಯ ಯಾವುದೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಪರಿಚಯ ಇಷ್ಟು ಸಾಕು.

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮುಂದೂಡಿಕೆಗೆ ಒಂದು ಕಾಲವೇ ಇದೆ. ಮಾಘದಲ್ಲಿ ಮಾಯಕ್ಕದೇವಿಯ ಜಾತ್ರೆ. ಮಹಾರಾಷ್ಟ್ರದಿಂದಲೂ ಭಕ್ತರು ಬಂದು ಊರು ತುಂಬುತ್ತದೆ. “ಜಾತ್ರಿ ಮುಗೀಲಿ, ಆಮ್ಯಾಲ ಓದ್ತೀನಿ” ಎಂದ ಹುಡುಗನಿಗೆ ಉಳಿಯುವುದೆಷ್ಟು? 2024ರಲ್ಲಿ ಮಾಘದ ಹುಣ್ಣಿಮೆಯಾದ ಭಾರತ ಹುಣ್ಣಿಮೆ ಫೆಬ್ರವರಿ 24ಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 25ಕ್ಕೆ. ಆ ವರ್ಷವೇ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು: ಇಲ್ಲಿ ಕ್ಯಾಮೆರಾ, ದೂರದಲ್ಲಿ ಕುಳಿತು ನೇರವಾಗಿ ನೋಡುವ ಅಧಿಕಾರಿಗಳು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಕಲು ನಿಂತದ್ದು ಕಾರಣ ಎಂದರು ಅಧಿಕಾರಿಗಳು. ಅದರಲ್ಲಿ ಹುರುಳಿದೆ. ಆದರೆ “ಕ್ಯಾಮೆರಾ ನೋಡಿ ಓದಿದ್ದೂ ಮರತೋತು” ಎನ್ನುವ ಮಕ್ಕಳ ಮಾತನ್ನು ಬರೀ ನೆಪವೆಂದು ತಳ್ಳುವವರು ಜಿರಲೆಗಳ ಕಥೆ ಕೇಳಬೇಕು.

1969ರಲ್ಲಿ ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ ಮತ್ತು ಸಂಗಡಿಗರು ಜಿರಲೆಗಳನ್ನು ಓಡಿಸಿ ನೋಡಿದರು. ಬೆಳಕು ಬಿದ್ದರೆ ಜಿರಲೆ ಕತ್ತಲು ಹುಡುಕಿ ಓಡುತ್ತದೆ. ದಾರಿ ನೇರವಾಗಿದ್ದಾಗ, ಪಕ್ಕದ ಪಾರದರ್ಶಕ ಪೆಟ್ಟಿಗೆಗಳಲ್ಲಿ ನೋಡುವವರಿದ್ದರೆ ಇನ್ನೂ ಬೇಗ ಓಡಿತು. ದಾರಿ ಕವಲೊಡೆದಾಗ ಅದೇ ನೋಡುಗರ ಎದುರು ತಡವರಿಸಿತು. (ನೋಡುಗರೂ ಜಿರಲೆಗಳೇ! ಇದನ್ನು ಹೇಳುವಾಗ ನನಗೆ ಇಂದಿಗೂ ನಗು ತಡೆಯದು.) ಯಾರೋ ನೋಡುತ್ತಿದ್ದಾರೆ ಎಂದಾಗ ಜೀವ ಚುರುಕಾಗುತ್ತದೆ, ಆ ಚುರುಕಿನಲ್ಲಿ ಮೊದಲು ಹೊರಬರುವುದು ಹೆಚ್ಚು ರೂಢಿಯಾದದ್ದು. ಲೆಕ್ಕ ಕೈಗೆ ಕೂತವಳಿಗೆ ಸರಿಯಾದ ಹಾದಿಯೇ ರೂಢಿ, ಕ್ಯಾಮೆರಾ ಅವಳಿಗೆ ನೆರವಾದರೂ ಆದೀತು. ಅರೆಬರೆ ಓದಿದವನಿಗೆ ರೂಢಿಯಾಗಿರುವುದು ತಪ್ಪು ಸೂತ್ರ. ಅದರ ಮೇಲೆ “ನನ್ನನ್ನೇ ನೋಡ್ತಿದ್ದಾರೆ” ಎಂಬ ಯೋಚನೆ ಬೇರೆ. ಲೆಕ್ಕದ ನಡುವಿನ ಅಂಕಿ ಹಿಡಿದಿಟ್ಟುಕೊಳ್ಳಬೇಕಾದ ಗಮನವನ್ನು ಅದು ಕಬಳಿಸುತ್ತದೆ. ಮನೆಯಲ್ಲೇ ಲ್ಯಾಪ್‌ಟಾಪ್ ಎದುರು ಬರೆಯುವ ಆನ್‌ಲೈನ್ ಪರೀಕ್ಷೆಗೂ ಇದೇ ಮಾತು.

ಹಾಗಾದರೆ ಮೊದಲೇ ಓದಬಾರದೇ? ತಂದೆತಾಯಿ ಎಡವುವುದು ಇಲ್ಲೇ. ಮುಂದೂಡಿಕೆಯನ್ನು ಸೋಮಾರಿತನವೆಂದು ಬಗೆದು ಬೈಯುತ್ತಾರೆ. ಪುಸ್ತಕ ತೆರೆದರೆ ಅಂಜಿಕೆ, ಮುಚ್ಚಿದರೆ ಆ ಕ್ಷಣಕ್ಕೆ ನಿರಾಳ. ಆ ನಿರಾಳವೇ ಮತ್ತೆ ಮುಚ್ಚಲು ಕಲಿಸುತ್ತದೆ. ಬೈಗುಳ ಅಂಜಿಕೆಯನ್ನು ಹೆಚ್ಚಿಸುತ್ತದೆ, ಪುಸ್ತಕ ಇನ್ನೂ ಬೇಗ ಮುಚ್ಚುತ್ತದೆ. 2010ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದದ ತಪ್ಪಿಗೆ ತಮ್ಮನ್ನು ತಾವೇ ಕ್ಷಮಿಸಿಕೊಂಡವರು ಎರಡನೆಯದಕ್ಕೆ ಕಡಿಮೆ ಮುಂದೂಡಿದರು. ಅಪ್ಪಂದಿರಿಗೆ ಇದನ್ನು ನಂಬಿಸುವುದು ನನಗೆ ಇನ್ನೂ ಸಾಧ್ಯವಾಗಿಲ್ಲ.

ಇನ್ನು, ಓದುವುದು ಹೇಗೆ? ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರೆ ವಾರದ ನಂತರವೂ ಹೆಚ್ಚು ಉಳಿಯುತ್ತದೆ ಎಂದು ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಹಾಗೆ ಬರೆಯುವಾಗ ಎದುರಿಗೆ ಮೊಬೈಲ್ ನಿಲ್ಲಿಸಿ ವಿಡಿಯೋ ಹಚ್ಚಿಡಿ, ನೋಡಿಸಿಕೊಳ್ಳುವುದೂ ರೂಢಿಯಾಗಲಿ.

ಬಿ.ಇಡಿ. ಓದುತ್ತಿರುವವರಿಗೆ ನನ್ನದೊಂದು ಕೋರಿಕೆ. ಚಿಂಚಲಿ ಇರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಯಾವುದಾದರೂ ಶಾಲೆಯಲ್ಲಿ ಒಂದೇ ತರಗತಿಯನ್ನು ಚೀಟಿ ಎತ್ತಿ ಎರಡು ಪಾಲು ಮಾಡಿ. ಒಂದು ಪಾಲು ಕಿರುಪರೀಕ್ಷೆಯನ್ನು ಕ್ಯಾಮೆರಾ ಎದುರು ಬರೆಯಲಿ, ಇನ್ನೊಂದು ಅದಿಲ್ಲದೆ. ಸುಲಭ ಪ್ರಶ್ನೆಗಳ ಅಂಕವನ್ನೂ ಕಠಿಣ ಪ್ರಶ್ನೆಗಳ ಅಂಕವನ್ನೂ ಬೇರೆಬೇರೆ ಕೂಡಿಸಿ. ಝಾಯನ್ಸ್ ಹೇಳಿದ್ದು ನಮ್ಮ ಮಕ್ಕಳಿಗೂ ಹೊಂದುವುದಾದರೆ, ಕ್ಯಾಮೆರಾದ ಪೆಟ್ಟು ಕಠಿಣ ಪ್ರಶ್ನೆಗಳ ಅಂಕದಲ್ಲಿ ಕಾಣಬೇಕು.